ಲಂಡನ್ನಿನಿಂದ ಡೆಹರಾಡೂನಿಗೆ: ಅಂಧಯೋಧರ ಒಂದು ವಿದ್ಯಾಶಾಲೆ

ಅಂಗಹೀನನಾದ ಯೋಧನಿಗೆ ಅನ್ನವನ್ನೂ ಆಶ್ರಯವನ್ನೂ ಒದಗಿಸುವುದು ರಾಜಧರ್ಮವೆಂಬ ಭಾವನೆಗೆ 17ನೆಯ ಶತಮಾನದ ಯೂರೋಪಿನಲ್ಲಿಯೇ, ಪ್ಯಾರಿಸಿನ ಅಂವಾಲೀಡ್ ಭವನದಲ್ಲಿಯೂ ಲಂಡನ್ನಿನ ಚೆಲ್ಸಿ ಆಸ್ಪತ್ರೆಯಲ್ಲಿಯೂ, ಭವ್ಯವಾದ ಶಿಲಾರೂಪ ದೊರೆತಿತ್ತು. ಆದರೆ ಕಣ್ಣು ಕಳೆದುಕೊಂಡ ತರುಣ ಸೈನಿಕನಿಗೆ ಮುಂದಿನ ನಲವತ್ತು ಐವತ್ತು ವರ್ಷಗಳನ್ನು ಸ್ವಾಭಿಮಾನದಿಂದ ಬಾಳುವ ವಿದ್ಯೆಯನ್ನು ಕ್ರಮಬದ್ಧವಾಗಿ ಕಲಿಸಿದ ಕೀರ್ತಿ, ಪ್ರಥಮ ಮಹಾಯುದ್ಧದ ನಡುವೆ, 1915ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸೇಂಟ್ ಡನ್‌ಸ್ಟನ್ಸ್ ಸಂಸ್ಥೆಗೆ ಸಲ್ಲತಕ್ಕದ್ದು.

ಅದರ ಸ್ಥಾಪಕರಾದ ಆರ್ಥರ್ ಪಿಯರ್ಸನ್ನರು ‘ಡೈಲಿ ಎಕ್ಸ್‌ಪ್ರೆಸ್’ ಪತ್ರಿಕೆಯನ್ನು ಆರಂಭಿಸಿದ ಉದ್ಯಮಿ. ಗ್ಲಾಕೋಮಾ ರೋಗದಿಂದ ದೃಷ್ಟಿಯನ್ನು ಕಳೆದುಕೊಂಡು, ಅಂಧರ ಸೇವೆಗೆ ತಮ್ಮನ್ನು ಅರ್ಪಿಸಿಕೊಂಡವರು. ರೀಜೆಂಟ್ಸ್ ಪಾರ್ಕಿನಲ್ಲಿ ಆಟೋ ಕಾನ್ ಎಂಬ ಧನಿಕರು ಬಿಟ್ಟುಕೊಟ್ಟ ವಿಶಾಲವಾದ ಬಂಗಲೆಯಲ್ಲಿ ಅವರು ನಡೆಸಿದ ಶಾಲೆಗೆ ಆ ಬಂಗಲೆಯ ಹೆಸರೇ ನಿಂತಿತು. ಬೆರಳಿನಿಂದ ಮುಟ್ಟಿ ಹೊತ್ತನ್ನು ತಿಳಿಯಬಹುದಾದ ಗಡಿಯಾರವೊಂದನ್ನು ಪಿಯರ್ಸನ್ನರು ಹೊಸಬರಿಗೆ ಕೊಡುತ್ತಿದ್ದರು. ಕಾಲವನ್ನು ಇನ್ನೊಬ್ಬರನ್ನು ಕೇಳಿ ತಿಳಿಯಬೇಕಾದ ದೈನ್ಯವು ಆ ಒಂದು ಕೊಡುಗೆಯಿಂದಲೇ ನೀಗುತ್ತಿತ್ತು. ಬಳಿಕ ಬ್ರೈಲ್, ಟೈಪ್‌ರೈಟಿಂಗ್, ಅಂಗಮರ್ದನ, ಟೆಲಿಫೋನ್ ಕೆಲಸ, ಕೋಳಿಸಾಕಣೆ, ಪಾದರಕ್ಷೆಗಳ ದುರಸ್ತಿ, ಬುಟ್ಟಿ ಹೆಣೆಯುವುದು, ಬಡಗಿತನ. ಈ ಶಾಲೆಯ ಉಪಾಧ್ಯಾಯರಲ್ಲಿ ಅನೇಕರು ತಾವೇ ಅಂಧರು. ಕುರುಡನೊಬ್ಬನು ಮತ್ತೊಬ್ಬ ಕುರುಡನ ಕೈ ಹಿಡಿದು ಕಲಿಸುವಾಗ ಶಿಷ್ಯನ ಮನಸ್ಸಿನಲ್ಲಿ ಮೂಡುವ ಧೈರ್ಯವು, ಕಣ್ಣುಳ್ಳವರ ಸಾವಿರ ಸಾಂತ್ವನಗಳಿಂದಲೂ ಮೂಡದೆಂಬುದನ್ನು ಪಿಯರ್ಸನ್ನರು ಅನುಭವದಿಂದಲೇ ಬಲ್ಲವರಾಗಿದ್ದರು. ಆ ಸಂಸ್ಥೆಯ ನಿಜವಾದ ಬಲವೆಲ್ಲ ಇದರಲ್ಲಿಯೇ ಇದ್ದಿತೆಂದು ನನ್ನ ದೃಢವಾದ ನಂಬಿಕೆ.

1921ರಲ್ಲಿ ಪಿಯರ್ಸನ್ನರು ತೀರಿಕೊಂಡಾಗ ಅಧ್ಯಕ್ಷಪದವಿಗೆ ಬಂದವರು, 1916ರ ಸೋಮ್ ಕದನದಲ್ಲಿ ಕಣ್ಣು ಕಳೆದುಕೊಂಡಿದ್ದ ಇಯಾನ್ ಫ್ರೇಸರ್. ಅವರು ಪಾರ್ಲಿಮೆಂಟಿನ ಸದಸ್ಯರಾಗಿ ಮಾಜಿ ಯೋಧರ ಪಿಂಚಣಿಯ ಪಕ್ಷವನ್ನು ಹಿಡಿದು ವಾದಿಸುತ್ತ, ಅರ್ಧಶತಮಾನಕ್ಕೂ ಮಿಕ್ಕಿ ಸಂಸ್ಥೆಯನ್ನು ನಡೆಸಿದರು.

ಅದೇ ಶಾಲೆಯ ಇನ್ನೊಬ್ಬ ಶಿಷ್ಯರು ನಮ್ಮ ದೇಶಕ್ಕೆ ಬಂದರು. ನ್ಯೂಜಿಲೆಂಡಿನ ಕ್ಲೂಥಾ ಮೆಕೆಂಜಿ, 1915ರಲ್ಲಿ ಗಲಿಪೊಲಿಯ ಬೆಟ್ಟದ ಮೇಲೆ ದೃಷ್ಟಿಯನ್ನು ಕಳೆದುಕೊಂಡಾಗ ಇಪ್ಪತ್ತರ ಹರೆಯದವರು. ದ್ವಿತೀಯ ಮಹಾಯುದ್ಧದಲ್ಲಿ ಭಾರತೀಯ ಸೈನಿಕರು ದೂರದೂರದ ರಣರಂಗಗಳಿಂದ ಕಣ್ಣಿಲ್ಲದೆ ಹಿಂದಿರುಗತೊಡಗಿದಾಗ, ಅವರಿಗಾಗಿ 1943ರಲ್ಲಿ ಡೆಹರಾಡೂನಿನಲ್ಲಿ ತೆರೆದ ಸೇಂಟ್ ಡನ್‌ಸ್ಟನ್ಸ್ ವಸತಿಶಾಲೆಯ ಭಾರವನ್ನು ಮೆಕೆಂಜಿಯವರೇ ಹೊತ್ತರು. ಹೊಲವನ್ನೂ ಎತ್ತುಗಳನ್ನೂ ಬಿಟ್ಟು ಸೈನ್ಯ ಸೇರಿದ್ದ, ಅನೇಕ ಭಾಷೆಗಳ ಹಳ್ಳಿಯ ತರುಣರಿಗೆ ಓದುಬರಹವನ್ನು ಬೆರಳಿನಿಂದ ಕಲಿಸುವಾಗ ಒಂದು ದೊಡ್ಡ ವಿಘ್ನವು ಎದುರಾಗದೆ ಇರಲಿಲ್ಲ: ಭಾರತದಲ್ಲಿ ಆಗ ಬ್ರೈಲ್ ಪದ್ಧತಿ ಒಂದಲ್ಲ; ಪ್ರಾಂತಕ್ಕೊಂದು, ಭಾಷೆಗೊಂದು ಸಂಕೇತವಿದ್ದು, ಒಂದನ್ನು ಕಲಿತವನಿಗೆ ಇನ್ನೊಂದು ಅಭೇದ್ಯವಾಗಿತ್ತು.

ಸ್ವಾತಂತ್ರ್ಯಾನಂತರ, 1950ರಲ್ಲಿ, ಆ ಯೋಧರ ಶಾಲೆಯ ಜಾಗದಲ್ಲಿ ಭಾರತ ಸರ್ಕಾರವು ವಯಸ್ಕ ಅಂಧರ ಶಿಕ್ಷಣ ಕೇಂದ್ರವನ್ನು ನಡೆಸತೊಡಗಿತು. ಹೀಗೆ ರಣರಂಗದ ಗಾಯದಿಂದ ಹುಟ್ಟಿದ ಸೌಕರ್ಯವು, ಯುದ್ಧವನ್ನೇ ಕಾಣದ ಅಂಧರಿಗೂ ದಕ್ಕಿತು. ಮೆಕೆಂಜಿಯವರು ಯುನೆಸ್ಕೊ ಸಂಸ್ಥೆಯ ಸಲಹೆಗಾರರಾಗಿ ಬ್ರೈಲ್ ಲಿಪಿಗಳ ಏಕೀಕರಣಕ್ಕೆ ದುಡಿದರು. 1951ರಲ್ಲಿ ಭಾರತೀಯ ಭಾಷೆಗಳಿಗೆ ಸಾಮಾನ್ಯವಾದ ‘ಭಾರತಿ ಬ್ರೈಲ್’ ಅಂಗೀಕೃತವಾಯಿತು. ಕನ್ನಡದ ಅಂಧ ಬಾಲಕನು ಇಂದು ಓದುವುದು ಆ ಲಿಪಿಯನ್ನೇ; ಅದರಲ್ಲಿ ನಮ್ಮ ಕಕಾರಕ್ಕೂ ಹಿಂದಿ, ತಮಿಳು, ಬಂಗಾಳಿಗಳ ಕಕಾರಕ್ಕೂ ಮೊದಲನೆಯ ಮತ್ತು ಮೂರನೆಯ ಚುಕ್ಕೆಗಳೇ ಗುರುತು.