ಜಾಲಿ ಟ್ರಿಪ್ಪೂ ಜಾಲಿ ಮುಳ್ಳೂ

ಮಳೆಗಾಲದ ಒಂದು ರವಿವಾರ ಗೋಕಾಕ ಫಾಲ್ಸ್‌ನಲ್ಲಿ ಕಿವಿಗೆ ಬಿದ್ದ ಮಾತು ಇದು. ಘಟಪ್ರಭೆ ಕೆಂಪಾಗಿ ಸುಮಾರು 170 ಅಡಿ ಕೆಳಕ್ಕೆ ಧುಮುಕುತ್ತಿದ್ದಳು. ತೂಗುಸೇತುವೆಯ ಕಡೆ ಹೊರಟ ಕಾಲೇಜು ಹುಡುಗರು ‘ಜಾಲಿ ಟ್ರಿಪ್, ಜಾಲಿ ಟ್ರಿಪ್’ ಎಂದು ಕೂಗುತ್ತಿದ್ದರು. ಗೋವಿನಜೋಳದ ತೆನೆ ಸುಡುತ್ತಿದ್ದ ಅಜ್ಜಿ ತಲೆ ಎತ್ತಿ, ‘ಜಾಲ್ಯಾಗ ಹೊಂಟೀರೇನೋ ತಮ್ಮಾ? ಹಂಗಾದ್ರ ಕಾಲಾಗ ಚಪ್ಪಲಿ ಗಟ್ಟಿ ಇರಲಿ’ ಅಂದಳು.

ಹುಡುಗರಿಗೆ ಅರ್ಥವಾಗಲಿಲ್ಲ. ಅವರ ಜಾಲಿ ಇಂಗ್ಲಿಷಿನದು, ಅಜ್ಜಿಯದು ಹೊಲದ ಬದುವಿನದು.

ಬದುವಿನ ಜಾಲಿಗೆ ನಮ್ಮ ಭಾಷೆಯಲ್ಲಿ ಒಳ್ಳೆಯ ಹೆಸರಿಲ್ಲ. ಪುರಂದರದಾಸರಂಥವರೇ ದುರ್ಜನರನ್ನು ಜಾಲಿಮರಕ್ಕೆ ಹೋಲಿಸಿ ಹಾಡಿಟ್ಟರು. ದಣಿದವರಿಗೂ ಹಸಿದವರಿಗೂ ಅದರಿಂದ ಏನೂ ದಕ್ಕದು ಎಂಬುದು ಅವರ ದೂರು. ದಾಸರು ಕುರುಬರನ್ನು ಒಂದು ಮಾತು ಕೇಳಬೇಕಿತ್ತು. ಬೇಸಿಗೆಯಲ್ಲಿ ಹುಲ್ಲು ಸುಟ್ಟು ಹೋದಾಗ ಆಡು ಕುರಿ ಬದುಕುವುದು ಜಾಲಿಯ ಕಾಯಿಯ ಮೇಲೆ. ಕಾಯಿಯಾದರೂ ಎಂಥದು! ಮಣಿ ಪೋಣಿಸಿದ ಸರದಂತೆ. ಕಟ್ಟಿಗೆ ಕುಂಟೆಗೆ, ಗಾಡಿಯ ಗಾಲಿಗೆ. ತೊಗಟೆ ಚರ್ಮ ಹದ ಮಾಡಲು. ಎಳೆ ಕಡ್ಡಿ ಹಲ್ಲುಜ್ಜಲು. ಮುಳ್ಳಿನ ಕಂಟಿ ಬೇಲಿಗೆ. (ಬಿಳಿಜಾಲಿಯ ತೊಗಟೆ ಸಾರಾಯಿ ಭಟ್ಟಿಗೂ ಹೋಗುತ್ತಿತ್ತು. ಅದನ್ನು ದಾಸರಿಗೆ ಹೇಳುವುದು ಬೇಡ.)

ಇನ್ನು ಅಂಟು. ತೊಗಟೆಗೆ ಗಾಯವಾದರೆ ಜೇನುಬಣ್ಣದ ರಸ ಒಸರಿ ಗಟ್ಟಿಯಾಗುತ್ತದೆ. ತುಪ್ಪಕ್ಕೆ ಹಾಕಿದರೆ ಅರಳಿನ ಹಾಗೆ ಉಬ್ಬುತ್ತದೆ. ಕರಿದ ಅಂಟೇ ಕರದಂಟು. ಗೋಕಾಕದ ಹೆಸರು ಊರೂರಿಗೆ ಹೋದದ್ದು ಜಲಪಾತದಿಂದಲೋ ಈ ಸಿಹಿಯಿಂದಲೋ ಎಂದು ಕೇಳಿದರೆ ನನ್ನ ಮತ ಸಿಹಿಗೇ. ಬೆಲ್ಲ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಏನೇ ಇದ್ದರೂ ಹೆಸರು ಮಾತ್ರ ಅಂಟಿನದು. ಬಾಣಂತಿಗೆ ಕೊಡುವ ಅಂಟಿನುಂಡಿಯೂ ಹಾಗೆಯೇ. ಪೇಟೆಯ ಅಂಟೆಲ್ಲ ಜಾಲಿಯದೇ ಅಂತಲ್ಲ, ದಿಂಡಿಗದ್ದೂ ಉಂಟು. ನನ್ನ ತಕರಾರು ಬೇರೆ: ಚುಚ್ಚಿದಾಗ ‘ಜಾಲಿಮುಳ್ಳು’ ಎಂದು ಮರದ ಹೆಸರು ಹಿಡಿದು ಬೈಯುತ್ತೇವೆ, ಸಿಹಿ ತಿನ್ನುವಾಗ ಬರೀ ‘ಅಂಟು’ ಅನ್ನುತ್ತೇವೆ.

ಹೆಸರು ಕಳೆದುಕೊಳ್ಳುವುದು ಈ ಮರದ ಹಣೆಬರಹವೇ ಇರಬೇಕು. 19ನೇ ಶತಮಾನದಲ್ಲಿ ಅಮೆರಿಕ ಖಂಡದ ಕಡೆಯಿಂದ ಬಂದ ಒಂದು ಮುಳ್ಳುಗಿಡ ‘ಬಳ್ಳಾರಿ ಜಾಲಿ’ಯಾಗಿ ಕೆರೆಯಂಗಳ, ರಸ್ತೆಬದಿಗಳನ್ನೆಲ್ಲ ನುಂಗಿತು. ಈಗಿನ ಹುಡುಗರಿಗೆ ಜಾಲಿ ಎಂದರೆ ಅದೇ. ವಿಜ್ಞಾನಿಗಳೂ ಬಿಡಲಿಲ್ಲ. 2005ರಲ್ಲಿ ವಿಯೆನ್ನಾದಲ್ಲಿ ಸೇರಿದ ಸಸ್ಯವಿಜ್ಞಾನಿಗಳು ಅದುವರೆಗೆ ಜಾಲಿಗೂ ಇದ್ದ ‘ಅಕೇಶಿಯಾ’ ಎಂಬ ಹೆಸರನ್ನು ಆಸ್ಟ್ರೇಲಿಯಾದ ಮರಗಳಿಗೆ ಉಳಿಸಿದರು; 2011ರಲ್ಲಿ ಮೆಲ್ಬರ್ನ್‌ನಲ್ಲಿ ಅದೇ ಖಾಯಂ ಆಯಿತು. ಆ ಗ್ರೀಕ್ ಹೆಸರಿನ ಮೂಲದಲ್ಲಿರುವುದು ಮುಳ್ಳು. ಆಸ್ಟ್ರೇಲಿಯಾದ ಆ ಮರಗಳಲ್ಲಿ ಬಹುಪಾಲಿಗೆ ಮುಳ್ಳೇ ಇಲ್ಲ! ನಮ್ಮ ಕರಿಜಾಲಿ ಈಗ ‘ವಾಚೆಲ್ಲಿಯಾ ನಿಲೋಟಿಕಾ’. ಕನ್ನಡಿಗರು ಈ ತೀರ್ಪನ್ನು ಮೊದಲೇ ಕೊಟ್ಟಿದ್ದರೆನ್ನಿ. ಅರಣ್ಯ ಇಲಾಖೆ ನೆಟ್ಟ ಆಸ್ಟ್ರೇಲಿಯಾದ ನೆಡುತೋಪನ್ನೇ ನಾವು ‘ಅಕೇಶಿಯಾ’ ಅನ್ನುತ್ತಿದ್ದೆವು.

ಊರುಗಳು ಮಾತ್ರ ಮರೆತಿಲ್ಲ. ಬಾದಾಮಿ ತಾಲ್ಲೂಕಿನ ಜಾಲಿಹಾಳ ಇನ್ನೂ ಜಾಲಿಹಾಳವೇ.

ಗೋಕಾಕಕ್ಕೆ ಹೋದಾಗ ಕರದಂಟು ಕಟ್ಟಿಸಿಕೊಳ್ಳದೆ ಯಾರೂ ಬರುವುದಿಲ್ಲ. ಮುಂದಿನ ಸಲ ಅಂಗಡಿಯವರನ್ನು ಒಂದು ಮಾತು ಕೇಳಿ ನೋಡಿ: ‘ಅಣ್ಣಾರ, ಇದು ಯಾವ ಗಿಡದ ಅಂಟರೀ?’