ತಾತನ ಕೋವಿ, ಅಜ್ಜಿಯ ಮೇಣದ ಡಬ್ಬಿ

ಮೊನ್ನೆ ಅರಕಲಗೂಡಿಗೆ ತವರಿಗೆ ಹೋಗಿದ್ದೆ ಕಣ್ರೆ. ಅಟ್ಟ ಗುಡಿಸುವಾಗ ಒಂದು ತಗಡಿನ ಡಬ್ಬಿ ಸಿಕ್ತು, ಒಳಗೆ ಕಲ್ಲಾಗಿದ್ದ ಜೇನುಮೇಣ. ಬಿಸಾಕಿ ಅಂದ್ರು ಅತ್ತಿಗೆ. ನಂಗೆ ಮನಸ್ಸಾಗ್ಲಿಲ್ಲ. ಅದು ತಾತನ ಕೋವಿಗೆ ಅಂತ ಅಜ್ಜಿ ಇಟ್ಟಿದ್ದುದು.

ತಾತಂದು ಕೇಪಿನ ಕೋವಿ, ಗದ್ದೆಗೆ ಬರೋ ಹಂದಿ ಬೆದರ್ಸೋಕೆ. ನಳಿಗೆ ಬಾಯಿಂದ ಮದ್ದು ಹಾಕಿ, ಮೇಲೆ ಗುಂಡು ಇಟ್ಟು ಗಜದಲ್ಲಿ ಜಡೀಬೇಕು. ನಾಲ್ಕು ಈಡು ಹೊಡೆಯೋದ್ರೊಳಗೆ ಮದ್ದಿನ ಮಸಿ ಕಟ್ಕೊಂಡು ಗುಂಡು ಇಳೀತಾನೇ ಇರ್ಲಿಲ್ಲ. ಅದಕ್ಕೆ ಅಜ್ಜಿ ಮೇಣಕ್ಕೆ ಒಂಚೂರು ತುಪ್ಪ ಸೇರಿಸಿ ಕರಗ್ಸಿ, ಬಟ್ಟೆ ಚೂರಿಗೆ ಸವರಿ ಕೊಡೋರು. ಗುಂಡಿಗೆ ಅದನ್ನ ಸುತ್ತಿದ್ರೆ ಸಲೀಸಾಗಿ ಇಳಿಯೋದು. "ಮಕ್ಕಳಿಗಿಲ್ದ ತುಪ್ಪ ಕೋವಿಗೆ" ಅಂತ ಗೊಣಗೋರು, ಆದ್ರೂ ಮಾಡಿಕೊಡೋರು.

ಇಂಥದೇ ಜಿಡ್ಡು 1857ರಲ್ಲಿ ಕಂಪನಿ ಸರ್ಕಾರಾನೇ ಅಲ್ಲಾಡಿಸ್ತು. ಆಗ ಹೊಸದಾಗಿ ಬಂದ ಎನ್‌ಫೀಲ್ಡ್ ಬಂದೂಕದ ನಳಿಗೆಯೊಳಗೆ ಸುರುಳಿ ಗೀರುಗಳಿದ್ವು. ಗುಂಡು ಬಿಗಿಯಾಗೂ ಕೂರಬೇಕು, ಇಳಿಸುವಾಗ ಸಿಕ್ಕಾಕ್ಕೊಳ್ಳಲೂಬಾರದು. ಹಾಗಾಗಿ ಕಾಗದದ ತೋಟಾಕ್ಕೆ ಜಿಡ್ಡು ಸವರಿದ್ರು. ಆ ಕಾಗದಾನ ಹಲ್ಲಲ್ಲಿ ಕಚ್ಚಿ ಹರೀಬೇಕಿತ್ತು. ದನದ ಕೊಬ್ಬು, ಹಂದಿ ಕೊಬ್ಬು ಅಂತ ಸುದ್ದಿ ಹಬ್ಬಿತು. ಮೇಣ, ತುಪ್ಪ ನೀವೇ ಸವರ್ಕೊಳಿ, ಕೈಯಲ್ಲೇ ಹರೀರಿ ಅಂತ ಆಮೇಲೆ ಹೇಳಿದ್ರೂ ನಂಬೋರು ಯಾರು? ಏಪ್ರಿಲ್ 24ಕ್ಕೆ ಮೀರತ್‌ನಲ್ಲಿ 85 ಸಿಪಾಯಿಗಳು ತೋಟಾ ಮುಟ್ಟಲ್ಲ ಅಂದ್ರು. ಅವರನ್ನ ಜೈಲಿಗೆ ಹಾಕಿದ್ರು. ಮೇ 10ಕ್ಕೆ ದಂಗೆ ಎದ್ದೇಬಿಡ್ತು. ಬರೀ ಜಿಡ್ಡಿಗೇ ಇಷ್ಟೆಲ್ಲ ಆಯ್ತು ಅಂತ ನಾನೂ ಹೇಳಲ್ಲ, ಒಳಗೆ ಸಿಟ್ಟು ಬೇಕಾದಷ್ಟಿತ್ತು. ಆದ್ರೆ ಅಜ್ಜಿಯ ಮೇಣ-ತುಪ್ಪ ಅವರಿಗೆ ಮೊದಲೇ ಹೊಳೀಲಿಲ್ವಲ್ಲ!

ಅದರ ಬೆನ್ನಿಗೇ ಜನರ ಕೈಲಿದ್ದ ಆಯುಧ ಕಿತ್ಕೊಳ್ಳೋ ಕಾನೂನು ಬಂತು. ಮುಧೋಳದ ಹತ್ರ ಹಲಗಲಿ ಬೇಡರು ಕೊಡಲ್ಲ ಅಂತ ನಿಂತ್ರು. ನವೆಂಬರಲ್ಲಿ ದಂಡು ಬಂದು ಊರನ್ನೇ ಸುಡ್ತು, ಸಿಕ್ಕಿದೋರನ್ನ ಗಲ್ಲಿಗೆ ಹಾಕಿದ್ರು. ನಮ್ಮ ಪಕ್ಕದ ಕೊಡಗಿನೋರಿಗೆ 1861ರಲ್ಲಿ ವಿನಾಯಿತಿ ಸಿಕ್ತು. ಅದಕ್ಕೇ ಅಲ್ಲಿ ಕೈಲ್ ಮುಹೂರ್ತಕ್ಕೆ ಕೋವಿಗೆ ಹೂವು. ಇಲ್ಲಿ ನಮ್ಮ ತಾತ ಪ್ರತಿ ಎಲೆಕ್ಷನ್ನಿಗೂ ಕೋವಿ ಹೊತ್ಕೊಂಡು ಹೋಗಿ ಸ್ಟೇಷನ್‌ಗೆ ಒಪ್ಪಿಸಿ ಬರೋರು. ಅದು ವಾಪಸ್ ಬರೋತನಕ ಹಂದಿಗಳಿಗೆ ಹಬ್ಬ.

ತಾತ ಹೋದ ಮೇಲೆ ಅಣ್ಣ ಲೈಸೆನ್ಸ್ ಮುಂದುವರೆಸ್ಲಿಲ್ಲ, ಕೋವಿ ಒಪ್ಪಿಸಿಬಿಟ್ಟ. ಡಬ್ಬಿ ನಾನು ತಂದಿದೀನಿ. ಕೊಬ್ಬರಿ ಎಣ್ಣೆ ಜೊತೆ ಕಾಯಿಸಿ ಒಡೆದ ಹಿಮ್ಮಡಿಗೆ ಹಚ್ಕೊತಿದೀನಿ.