ತಾರೆಕಾಯಿಯ ಲೆಕ್ಕ

ನಮ್ಮ ಸಿದ್ದಾಪುರ ಸೀಮೆಯಲ್ಲಿ ಇಸ್ಪೀಟು ಎಂದರೆ ಯಾರೂ ಹೌಹಾರುವುದಿಲ್ಲ. ಮದುವೆ, ಉಪನಯನದ ಮನೆಗಳಲ್ಲಿ ಊಟ ಮುಗಿದ ಮೇಲೆ ಜಗಲಿಯಲ್ಲಿ ಜಮಖಾನ ಹಾಸಿ, ಕವಳದ ತಟ್ಟೆಯನ್ನು ಪಕ್ಕಕ್ಕಿಟ್ಟುಕೊಂಡು ಗಂಡಸರು ಮಂಡಲ ಹಾಕಿ ಕೂರುವುದು ಹಿಂದಿನಿಂದ ಬಂದದ್ದು. ಮಳೆ ಹಿಡಿದು ತೋಟಕ್ಕೆ ಇಳಿಯಲಾಗದ ದಿನಗಳಲ್ಲಿಯೂ ಅಷ್ಟೆ. ಇಪ್ಪತ್ತೆಂಟೋ ರಮ್ಮಿಯೋ ನಡೆಯುತ್ತಿರುತ್ತದೆ. ಒಳಗಿನಿಂದ ನಾಲ್ಕು ಸಲ ಚಾ ಹೋಗುತ್ತದೆ. ಗೆದ್ದವರು ನಗುತ್ತಾರೆ, ಸೋತವರು ಜೊತೆಗಾರನ ಮೇಲೆ ಹರಿಹಾಯುತ್ತಾರೆ, ಸಂಜೆಯ ಹೊತ್ತಿಗೆ ಎಲ್ಲವೂ ಮರೆತುಹೋಗುತ್ತದೆ.

ಜಗಲಿಯ ಆ ಆಟ ಈಚಿನ ವರ್ಷಗಳಲ್ಲಿ ಮೊಬೈಲಿಗೆ ಹೋಯಿತು. ಅದರ ಜೊತೆಗೆ ಒಂದು ಹೊಸ ಮಾತೂ ಬಂತು. "ನಾನು ಮೋಜಿಗೆ ಆಡುವವನಲ್ಲ, ಅಭ್ಯಾಸ ಮಾಡಿ ಆಡುವವನು" ಎಂದು ಹುಡುಗರು ಹೇಳತೊಡಗಿದರು. ಪೋಕರ್ ಆಟಕ್ಕೆ ಪುಸ್ತಕಗಳಿವೆಯಂತೆ, ಪಾಠಗಳಿವೆಯಂತೆ. ಯಾವ ಎಲೆ ಬೀಳುವ ಸಂಭವ ನೂರಕ್ಕೆ ಎಷ್ಟು ಎಂದು ಬಾಯಿಪಾಠ ಮಾಡುತ್ತಾರಂತೆ. ಒಮ್ಮೆ ಪೇಟೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಸಿಕ್ಕರು. ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟು ಕೇಳಿಯೇಬಿಟ್ಟರು: "ಅಕ್ಕೋರೇ, ನಮ್ಮನೆ ಮಾಣಿ ಇದು ಜೂಜಲ್ಲ, ಲೆಕ್ಕ ಅಂತಾನೆ. ನೀವು ಲೆಕ್ಕ ಕಲಿಸಿದವರು. ಹೌದೇನು, ನೀವೇ ಹೇಳಿ."

ಆ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಕೊಡುವುದು ಕಷ್ಟ. ಏಕೆಂದರೆ ಮಾಣಿ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಆಟಕ್ಕೂ ಲೆಕ್ಕಕ್ಕೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ, ನಮ್ಮ ಭಾರತದ ಕಥೆಯಷ್ಟು ಹಳೆಯದು.

ನಮ್ಮ ಕಾಡಿನಲ್ಲಿ ತಾರೆಮರವಿದೆಯಲ್ಲ, ಅಳಲೆ, ನೆಲ್ಲಿಯ ಜೊತೆ ತ್ರಿಫಲಾ ಚೂರ್ಣಕ್ಕೆ ಸೇರುವ ತಾರೆಕಾಯಿಯ ಮರ, ಸಂಸ್ಕೃತದಲ್ಲಿ ಅದಕ್ಕೆ ವಿಭೀತಕ ಎಂದು ಹೆಸರು. ವೇದಕಾಲದ ಜೂಜಿನ ದಾಳಗಳು ಇದೇ ಮರದ ಕಾಯಿಗಳು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಅಳಲಿನ ಸೂಕ್ತವೊಂದು ಇದೆ. ಹೆಂಡತಿ ದೂರವಾದಳು, ಅತ್ತೆ ದ್ವೇಷಿಸುತ್ತಾಳೆ ಎಂಬ ಕೊರಗು ಅಲ್ಲಿಯೇ ಬಂದಿದೆ. ಆಗಿನ ಆಟದಲ್ಲಿ ರಾಶಿಯಿಂದ ಕಾಯಿಗಳನ್ನು ಬಾಚಿ ತೆಗೆದು, ನಾಲ್ಕರಿಂದ ಭಾಗಿಸಿ, ಶೇಷವೆಷ್ಟೆಂದು ನೋಡುತ್ತಿದ್ದರೆಂದು ವಿದ್ವಾಂಸರು ಹೇಳುತ್ತಾರೆ. ಶೇಷವಿಲ್ಲದಿದ್ದರೆ ಕೃತ, ಅದು ಗೆಲುವು. ಒಂದು ಉಳಿದರೆ ಕಲಿ, ಅದು ಸೋಲು. ನಾವು ಯುಗಗಳಿಗೆ ಹೇಳುವ ಹೆಸರುಗಳು ಜೂಜಿನ ಹಾಸಿನ ಮೇಲೂ ಇದ್ದವು. ಇಂಥ ಆಟದಲ್ಲಿ ರಾಶಿಯನ್ನು ಕಣ್ಣಳತೆಯಲ್ಲಿಯೇ ಎಣಿಸಬಲ್ಲವನು ಗೆಲ್ಲುತ್ತಾನೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಕ್ಷಗಾನದ ನಳ-ದಮಯಂತಿ ಪ್ರಸಂಗ ನೋಡಿದವರಿಗೆ ಬಾಹುಕನೂ ಋತುಪರ್ಣನೂ ಗೊತ್ತು. ಕನಕದಾಸರು ನಳಚರಿತ್ರೆ ಎಂದೇ ಕಾವ್ಯ ಬರೆದಿದ್ದಾರೆ. ಮೂಲಕಥೆ ವನಪರ್ವದಲ್ಲಿದೆ. ರಾಜ್ಯ ಕಳೆದುಕೊಂಡು, ರೂಪ ಕೆಟ್ಟು, ಬಾಹುಕನೆಂಬ ಹೆಸರಿನಲ್ಲಿ ಸಾರಥಿಯಾಗಿದ್ದ ನಳ ಅಯೋಧ್ಯೆಯ ಅರಸ ಋತುಪರ್ಣನನ್ನು ವಿದರ್ಭಕ್ಕೆ ಕರೆದೊಯ್ಯುತ್ತಾನೆ. ದಾರಿಯಲ್ಲಿ ಒಂದು ತಾರೆಮರ. ಋತುಪರ್ಣ ಒಂದು ನೋಟ ನೋಡಿ, ಎರಡು ಕೊಂಬೆಗಳಲ್ಲಿ ಇರುವ ಕಾಯಿಗಳು 2,095 ಎಂದು ಹೇಳಿಬಿಡುತ್ತಾನೆ. ನಳ ನಂಬುವುದಿಲ್ಲ. ರಥ ನಿಲ್ಲಿಸಿ, ಮರ ಕಡಿದು, ಎಣಿಸಿ ನೋಡುತ್ತಾನೆ. ಲೆಕ್ಕ ಸರಿಯಾಗಿರುತ್ತದೆ. ಆಗ ಅವನು ತನ್ನ ಅಶ್ವಹೃದಯವನ್ನು ಕೊಟ್ಟು ಋತುಪರ್ಣನಿಂದ ಅಕ್ಷಹೃದಯವನ್ನು ಕಲಿಯುತ್ತಾನೆ. ಆ ವಿದ್ಯೆ ಒಳಗೆ ಬಂದ ಕೂಡಲೇ ಅವನ ಮೈಯಲ್ಲಿದ್ದ ಕಲಿ ಹೊರಗೆ ಬೀಳುತ್ತಾನೆ. ದಾಳದ ವಿದ್ಯೆಯನ್ನೂ ಎಣಿಕೆಯ ವಿದ್ಯೆಯನ್ನೂ ಒಟ್ಟಿಗೆ ಹೇಳುವ ಈ ಕಥೆಯನ್ನು ಸಂಭವಗಣಿತದ ಚರಿತ್ರೆ ಬರೆದ ಇಯಾನ್ ಹ್ಯಾಕಿಂಗ್ 1975ರ ತಮ್ಮ ಪುಸ್ತಕದಲ್ಲಿ ವಿಶೇಷವಾಗಿ ಎತ್ತಿ ಹೇಳಿದ್ದಾರೆ.

ಈ ಕಥೆಯನ್ನು ಕಾಡಿನಲ್ಲಿ ಬೃಹದಶ್ವ ಋಷಿ ಹೇಳುವುದು ಧರ್ಮರಾಯನಿಗೆ. ಧರ್ಮರಾಯನಿಗೆ ಜೂಜಿನ ಆಸೆಯಿದೆ, ಆಡಲು ಬರುವುದಿಲ್ಲ ಎಂದು ಶಕುನಿ ಮೊದಲೇ ದುರ್ಯೋಧನನಿಗೆ ಹೇಳಿದ್ದ. ಒಬ್ಬ ಮೋಜಿಗೆ ಕೂತ, ಇನ್ನೊಬ್ಬ ಕಲಿತು ಬಂದು ಕೂತ. ಅದರ ಪರಿಣಾಮ ನಮಗೆಲ್ಲ ತಿಳಿದದ್ದೇ. ಕಥೆ ಮುಗಿದ ಮೇಲೆ ಬೃಹದಶ್ವ ಧರ್ಮರಾಯನಿಗೂ ಅಕ್ಷಹೃದಯವನ್ನು ಕಲಿಸುತ್ತಾನೆ. ವಿದ್ಯೆ ಕೈಗೆ ಬಂದಮೇಲೆ ಅವನು ವಿರಾಟನ ಮನೆಯಲ್ಲಿ ಕಂಕಭಟ್ಟನಾಗಿ ಅರಸನ ಜೊತೆ ಆಡಿ ಕಾಲ ಕಳೆದ. ರಾಜ್ಯವನ್ನು ಮತ್ತೆ ದಾಳದಿಂದಲೇ ತೆಗೆದುಕೊಳ್ಳುತ್ತೇನೆಂದು ಹೊರಡಲಿಲ್ಲ. ನಳ ಪುಷ್ಕರನೊಡನೆ ಮತ್ತೊಮ್ಮೆ ಆಡಿದ್ದು ನಿಜ. ಆದರೆ ಒಂದೇ ಸಲ ಆಡಿದ, ಗೆದ್ದ, ಸೋತ ತಮ್ಮನಿಗೆ ಅವನ ಪಾಲು ಕೊಟ್ಟು ಕಳಿಸಿದ, ಅಲ್ಲಿಗೆ ಮುಗಿಸಿದ.

ಆದರೂ ಈ ಕಥೆಯಲ್ಲಿ ಎಲ್ಲರಿಗಿಂತ ಮೊದಲು ಲೆಕ್ಕ ಹಾಕಿದವಳು ದಮಯಂತಿ ಎಂದು ನನಗೆ ತೋರುತ್ತದೆ. ಗಂಡ ಸೋಲುತ್ತಲೇ ಇದ್ದಾನೆ, ಮಂತ್ರಿಗಳು ಬಾಗಿಲಲ್ಲಿ ನಿಂತರೂ ಏಳುತ್ತಿಲ್ಲ. ಅವಳು ಅಳುತ್ತ ಕೂರಲಿಲ್ಲ. ಸಾರಥಿ ವಾರ್ಷ್ಣೇಯನನ್ನು ಕರೆಸಿ, ಮಕ್ಕಳಿಬ್ಬರನ್ನೂ ರಥದಲ್ಲಿ ಕೂರಿಸಿ ತವರಿಗೆ ಕಳಿಸಿದಳು. ರಾಜ್ಯ ಹೋಗುವ ಮೊದಲೇ ಹೋಗಬಾರದ್ದನ್ನು ಹಾಸಿನಿಂದ ದೂರ ಮಾಡಿದಳು. ದ್ರೌಪದಿ ಸಭೆಗೆ ಕಳಿಸಿದ ಪ್ರಶ್ನೆಯೂ ಇಂಥದೇ: ಅವರು ಮೊದಲು ಸೋತದ್ದು ತಮ್ಮನ್ನೋ, ನನ್ನನ್ನೋ? ಪಣಗಳನ್ನು ಕ್ರಮವಾಗಿ ಎಣಿಸಿ ನೋಡಿ ಎಂದಳು. ಸಭೆಯ ಹಿರಿಯರಲ್ಲಿ ಸರಿಯಾದ ಉತ್ತರವಿರಲಿಲ್ಲ.

ಆಟದ ಮನೆಯ ಹೊರಗೂ ನಮ್ಮ ನಾಡಿನಲ್ಲಿ ಈ ಎಣಿಕೆಯ ವಿದ್ಯೆ ಬೆಳೆಯಿತು. ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ವನ್ನು ಬರೆದ. ಇಷ್ಟು ವಸ್ತುಗಳಿಂದ ಇಷ್ಟನ್ನು ಆರಿಸಿದರೆ ಎಷ್ಟು ಬಗೆ ಎಂಬುದಕ್ಕೆ ಎಲ್ಲ ಕಡೆಗೂ ಹೊಂದುವ ಸೂತ್ರ ಅದರಲ್ಲಿದೆ. ಅವನು ಕೊಡುವ ಉದಾಹರಣೆ ಅಡುಗೆಮನೆಯದು. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು, ಈ ಆರು ರುಚಿಗಳನ್ನು ಒಂದೊಂದಾಗಿ, ಎರಡೆರಡಾಗಿ, ಮೂರು ಮೂರಾಗಿ ಬೆರೆಸುತ್ತ ಹೋದರೆ ಒಟ್ಟು 63 ಬಗೆಯಾಗುತ್ತದೆ. ಇದೇ ಸೂತ್ರವನ್ನು ಇಸ್ಪೀಟಿಗೆ ಹಚ್ಚಿ ನೋಡಿ. 52 ಎಲೆಗಳಲ್ಲಿ ಮೂರೆಲೆ ಬರುವ ಬಗೆ: 52, 51, 50 ಇವನ್ನು ಗುಣಿಸಿ ಆರರಿಂದ ಭಾಗಿಸಿದರೆ 22,100. ಅದರಲ್ಲಿ ಮೂರೂ ಒಂದೇ ಸಂಖ್ಯೆಯ ಎಲೆ ಬರುವುದು 52 ಬಗೆಯಲ್ಲಿ ಮಾತ್ರ, ಎಂದರೆ 425ಕ್ಕೆ ಒಂದು. ಜೋಡಿಯೂ ಇಲ್ಲದೆ, ಸಾಲೂ ಇಲ್ಲದೆ, ಒಂದೇ ಬಣ್ಣವೂ ಕೂಡದೆ ಬರಿಗೈಯಾಗುವುದು 16,440 ಬಗೆಯಲ್ಲಿ, ಹೆಚ್ಚು ಕಡಿಮೆ ನಾಲ್ಕರಲ್ಲಿ ಮೂರು ಸಲ. ಪೋಕರಿನ ಐದೆಲೆಗೆ ಈ ಲೆಕ್ಕ 25,98,960ಕ್ಕೆ ಏರುತ್ತದೆ.

ಯುರೋಪಿನಲ್ಲಿ ಇದನ್ನು ಮೊದಲು ಗಂಭೀರವಾಗಿ ಹಿಡಿದವನು ಇಟಲಿಯ ವೈದ್ಯ ಕಾರ್ಡಾನೊ. ಸ್ವತಃ ಜೂಜುಗಾರ. 1576ರಲ್ಲಿ ತೀರಿಕೊಂಡ, ಅವನ ದಾಳದ ಪುಸ್ತಕ ಅಚ್ಚಾದದ್ದು 1663ರಲ್ಲಿ. ಜೂಜಿನಲ್ಲಿ ದೊಡ್ಡ ಲಾಭವೆಂದರೆ ಆಡದೇ ಇರುವುದು ಎಂಬ ಅರ್ಥದ ಮಾತನ್ನು ಅವನೇ ಬರೆದಿದ್ದಾನೆ. ಅಷ್ಟರಲ್ಲಿ, 1654ರಲ್ಲಿ, ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಎಂಬಿಬ್ಬರು ಅರ್ಧಕ್ಕೆ ನಿಂತ ಆಟದ ಪಣವನ್ನು ನ್ಯಾಯವಾಗಿ ಹಂಚುವುದು ಹೇಗೆಂದು ಕಾಗದ ಬರೆದುಕೊಂಡು, ಸಂಭವಗಣಿತಕ್ಕೆ ತಳಪಾಯ ಹಾಕಿದ್ದರು. ಇವತ್ತಿನ ವಿಮೆ ನಿಂತಿರುವುದು ಅದೇ ಗಣಿತದ ಮೇಲೆ.

ಹಾಗಾದರೆ ಅಭ್ಯಾಸ ಮಾಡಿ ಆಡುವುದಕ್ಕೆ ಹಣ ಬೇಕೇ ಬೇಕೆ? ನಮ್ಮ ಹೆಂಗಸರ ಚೆನ್ನೆಮಣೆಯನ್ನು ನೆನಪು ಮಾಡಿಕೊಳ್ಳಿ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕರಂತೆ 56 ಕಾಳು. ಅದೃಷ್ಟಕ್ಕೆ ಅಲ್ಲಿ ಎಡೆಯೇ ಇಲ್ಲ, ಎಲ್ಲ ಕಾಳೂ ಕಣ್ಣೆದುರಿಗೆ. ಯಾವ ಗುಳಿಯಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆಂದು ಬೆರಳು ಮುಟ್ಟಿಸದೆ ಎಣಿಸಬೇಕು. ಶಾಲೆ ಕಾಣದ ಅಜ್ಜಿಯರು ಇದರಲ್ಲಿ ಪದವೀಧರರನ್ನು ಸೋಲಿಸುತ್ತಿದ್ದರು. ಪಣ ಮಂಜೊಟ್ಟಿ ಕಾಳು ಅಥವಾ ಹುಣಸೆಬೀಜ. ಇನ್ನೊಂದು ತುದಿಯಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಭಾಗದಲ್ಲಿ ಗಂಜೀಫಾ ಎಲೆಯಾಟಗಳ ವಿವರವಿದೆ. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಬರುವ ಬಂಧಗಳನ್ನೂ ಅವರು ರಚಿಸಿದರು. ಅಜ್ಜಿಯರೂ ಅರಸರೂ ಆಟವನ್ನು ಆಳವಾಗಿಯೇ ಅಭ್ಯಾಸ ಮಾಡಿದರು. ಅದಕ್ಕಾಗಿ ಯಾರ ಮನೆಯೂ ಹಾಳಾಗಲಿಲ್ಲ.

ಹಣ ಬಂದ ಕೂಡಲೇ ಲೆಕ್ಕಕ್ಕೆ ಇನ್ನೊಬ್ಬ ಪಾಲುದಾರ ಬರುತ್ತಾನೆ, ಆಟ ಆಡಿಸುವವನು. ಜಾತ್ರೆಗಳಲ್ಲಿ ಆರು ಚಿತ್ರಗಳ ಹಾಸಿನ ಮೇಲೆ ಮೂರು ದಾಳ ಉರುಳಿಸುವ ಆಟವನ್ನು ನೀವೂ ದೂರದಿಂದ ನೋಡಿರಬಹುದು. ಆರು ಜನ ಆರು ಚಿತ್ರಕ್ಕೆ ಒಂದೊಂದು ರೂಪಾಯಿ ಇಟ್ಟರೆನ್ನಿ. ಮೂರು ದಾಳದಲ್ಲಿ ಮೂರು ಬೇರೆ ಚಿತ್ರ ಬಂದರೆ ಮೂವರದನ್ನು ತೆಗೆದು ಮೂವರಿಗೆ ಕೊಡುತ್ತಾನೆ, ಅವನಿಗೇನೂ ಇಲ್ಲ. ಎರಡು ದಾಳದಲ್ಲಿ ಒಂದೇ ಚಿತ್ರ ಬಂದರೆ ನಾಲ್ವರದನ್ನು ತೆಗೆದು ಮೂರು ಕೊಡುತ್ತಾನೆ, ಒಂದು ಅವನಿಗೆ. ಮೂರರಲ್ಲೂ ಒಂದೇ ಬಂದರೆ ಐವರದನ್ನು ತೆಗೆದು ಮೂರು ಕೊಡುತ್ತಾನೆ, ಎರಡು ಅವನಿಗೆ. ಅವನು ಸೋಲುವ ಉರುಳೇ ಇಲ್ಲ! ಒಟ್ಟು 216 ಬಗೆಯ ಉರುಳುಗಳನ್ನೂ ಎಣಿಸಿದರೆ ಇಟ್ಟ ನೂರು ರೂಪಾಯಿಗೆ ಹತ್ತಿರ ಹತ್ತಿರ ಎಂಟು ರೂಪಾಯಿ ಅವನ ಜೇಬಿಗೆ. ಶಾಲೆಯಲ್ಲಿ ಕಪ್ಪುಹಲಗೆಯ ಮೇಲೆ ಇದನ್ನು ಬಿಡಿಸಿ ತೋರಿಸಿದಾಗ ಜಾತ್ರೆಯಲ್ಲಿ ಆಡಿಬಂದ ಹುಡುಗರ ಮುಖ ನೋಡಬೇಕಿತ್ತು.

ಪೋಕರಿನಲ್ಲಿ ಆಡಿಸುವವನು ಎಲೆ ಹಿಡಿಯುವುದಿಲ್ಲ. ಆದರೆ ಪ್ರತಿ ಸಲವೂ ಕೂಡಿದ ಪಣದಲ್ಲಿ ಒಂದು ಪಾಲು ಮುರಿದುಕೊಳ್ಳುತ್ತಾನೆ. ಆರು ಜನ ಸಾವಿರ ಸಾವಿರ ತಂದು ಕೂತರು ಎಂದಿಟ್ಟುಕೊಳ್ಳಿ. ಪ್ರತಿ ಆಟಕ್ಕೆ ಇನ್ನೂರು ರೂಪಾಯಿ ಕೂಡುತ್ತದೆ, ಅದರಲ್ಲಿ ನೂರಕ್ಕೆ ಐದರಂತೆ ಹತ್ತು ರೂಪಾಯಿ ಅವನದು. ಗಂಟೆಗೆ ಮೂವತ್ತು ಆಟವಾದರೆ ನಾಲ್ಕು ಗಂಟೆಗೆ 1,200 ರೂಪಾಯಿ ಹೋಯಿತು. ಆರು ಸಾವಿರದಲ್ಲಿ ಐದನೆಯ ಒಂದು ಪಾಲು ಯಾರೂ ಗೆಲ್ಲದೆಯೇ ಕರಗಿತು. ಚೆನ್ನಾಗಿ ಕಲಿತ ಒಬ್ಬಿಬ್ಬರು ಇದನ್ನು ದಾಟಿ ಗೆಲ್ಲಬಹುದು. ಉಳಿದವರು ಕಲಿತವನಿಗೂ ಕೊಡಬೇಕು, ಮನೆಯವನಿಗೂ ಕೊಡಬೇಕು.

ನ್ಯಾಯಾಲಯಗಳೂ ಈ ಗಂಟನ್ನು ಬಿಡಿಸಲು ಹೆಣಗಿವೆ. 1967ರಲ್ಲಿ ಸುಪ್ರೀಂ ಕೋರ್ಟು, ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಹಿಡಿಯುವುದಕ್ಕೂ ಬಿಡುವುದಕ್ಕೂ ಜಾಣ್ಮೆ ಬೇಕು, ಆದ್ದರಿಂದ ಅದು ಮುಖ್ಯವಾಗಿ ಕೌಶಲದ ಆಟ, ಮೂರೆಲೆ ಹಾಗಲ್ಲ ಎಂದಿತು. ಆಡಿಸುವವರು ಅದರಿಂದ ಲಾಭ ಮಾಡಿಕೊಂಡರೆ ಅಪರಾಧವಾಗಬಹುದು ಎಂದೂ ಅದೇ ತೀರ್ಪಿನಲ್ಲಿದೆ. ಈ ಎರಡನೆಯ ಮಾತನ್ನು ಯಾರೂ ಜಾಹೀರಾತಿನಲ್ಲಿ ಹಾಕಲಿಲ್ಲ. 2013ರಲ್ಲಿ ನಮ್ಮ ಹೈಕೋರ್ಟು, ಪೋಕರನ್ನು ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಡವೆಂದಿತು. 2017ರಲ್ಲಿ ಗುಜರಾತಿನ ಹೈಕೋರ್ಟು ಅದೇ ಆಟವನ್ನು ಜೂಜೆಂದಿತು. 2021ರಲ್ಲಿ ಕರ್ನಾಟಕ ಸರ್ಕಾರ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು, ಕೌಶಲವಿರಲಿ ಅದೃಷ್ಟವಿರಲಿ, ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯಿದೆ ಮಾಡಿತು.

ಕಾಯಿದೆ ತನ್ನ ಕೆಲಸ ಮಾಡಲಿ. ಆದರೆ ಮೊಬೈಲಿನಲ್ಲಿ ನಿಂತದ್ದು ಇನ್ನೊಂದು ಬಾಗಿಲಿನಿಂದ ಬರದೆ ಇರುವುದಿಲ್ಲ. ಆದ್ದರಿಂದ ಆ ತಾಯಿಗೆ ನಾನು ಹೇಳಿದ್ದು ಇಷ್ಟು: "ಲೆಕ್ಕ ಹೌದೇ ಹೌದು. ಹಾಗಿದ್ದರೆ ಲೆಕ್ಕದ ಪುಸ್ತಕ ಎಲ್ಲಿದೆ ಅಂತ ಕೇಳಿ." ಮೋಜಿಗೆ ಆಡುವವನಿಗೆ ಕೂರುವ ಮೊದಲೇ ತನ್ನ ಖರ್ಚು ಗೊತ್ತಿರುತ್ತದೆ, ಜಾತ್ರೆಯಲ್ಲಿ ತೊಟ್ಟಿಲು ಏರಿದ ಹಾಗೆ. ನಿಜವಾಗಿ ಅಭ್ಯಾಸ ಮಾಡುವವನು ದಿನ, ತಾಸು, ತಂದದ್ದು, ಒಯ್ದದ್ದು, ಮನೆಯವನು ಮುರಿದದ್ದು ಎಲ್ಲವನ್ನೂ ಬರೆದಿಡುತ್ತಾನೆ, ಕೇಳಿದರೆ ತೋರಿಸುತ್ತಾನೆ. ಈ ಎರಡೂ ಇಲ್ಲದೆ, ಗೆದ್ದ ದಿನದ ಕಥೆಯನ್ನು ಮಾತ್ರ ಹೇಳುವವನು ಮೂರನೆಯವನು. ಪುಸ್ತಕ ಓದಿದ್ದರೂ ಅವನು ಧರ್ಮರಾಯ ಮೊದಲ ಸಲ ಕೂತ ಜಾಗದಲ್ಲಿಯೇ ಕೂತಿದ್ದಾನೆ.

ಸೊಸೈಟಿಯ ಪಾಸುಬುಕ್ಕು, ಕಿರಾಣಿಯ ಚೀಟಿ, ಹಾಲಿನ ಲೆಕ್ಕ ನೋಡಿಕೊಂಡು ಬಂದವರು ನಾವು. ಈ ಪುಸ್ತಕವನ್ನೂ ಕೇಳಿ ನೋಡುವುದು ನಮಗೆ ಹೊಸದಲ್ಲ. ಪುಸ್ತಕ ಸಿಗದಿದ್ದರೆ ಜಗಳಕ್ಕೆ ಹೊತ್ತು ಕಳೆಯಬೇಡಿ. ಮಕ್ಕಳ ಶಾಲೆಯ ಹಣವನ್ನೂ ನಿಮ್ಮ ಬಂಗಾರವನ್ನೂ ಮೊದಲು ಕೈಗೆಟುಕದ ಕಡೆ ಸೇರಿಸಿ. ದಮಯಂತಿ ಮಾಡಿದ್ದೂ ಅದನ್ನೇ.